ಶೀನನಿಗೆ ಕುಡಿಸಿದ ಎರಡನೆಯ ಚಮಚ

ಹೊಸಕಡಲೂರು, ಚಂದ್ರ
ಫೆಬ್ರವರಿ 30, 2241

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ನಮಸ್ಕಾರಗಳು.

ದಿನಾಂಕ ನೋಡಿ ಕೆಂಪು ಪೆನ್ನು ಎತ್ತಿಕೊಳ್ಳಬೇಡಿ. ಇಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ವ್ಯಾಕರಣದಲ್ಲಿ ಮಾತ್ರ ನಿಮಗೆ ತಪ್ಪು ಸಿಗದು. ಕನ್ನಡ ಮಾಧ್ಯಮದಲ್ಲಿ ಓದಿ, ಜೀವಮಾನವಿಡೀ ಅದರಲ್ಲೇ ಕಲಿಸಿ ನಿವೃತ್ತಳಾದವಳು ನಾನು.

ನೀವು ಕ್ರಿಯಾಟಿನ್ ಎನ್ನುವುದನ್ನು ನಾವು ಕಸುವುಪುಡಿ ಎನ್ನುತ್ತೇವೆ. ಇಲ್ಲಿ ಮೈಭಾರ ಭೂಮಿಯದರ ಆರರಲ್ಲೊಂದು ಪಾಲು. ದುಡಿಮೆ ಸಾಲದೆ ಸ್ನಾಯುಗಳು ಸೊರಗುತ್ತವೆ. ಆದ್ದರಿಂದ ಬೆಳಗಿನ ಗಂಟೆಯಾದೊಡನೆ ಊರಿನವರೆಲ್ಲ ಸಾಲಾಗಿ ನಿಂತು, ಒಂದು ಚಮಚ ಪುಡಿಯನ್ನು ಗಂಜಿತಿಳಿಯಲ್ಲಿ ಕಲಸಿ ಕುಡಿದು, ಎಳೆಗೋಡೆಗೆ ಹೋಗುತ್ತಾರೆ. ಎಳೆಗೋಡೆಯೆಂದರೆ ಗೋಡೆಗೆ ಬಿಗಿದ ರಬ್ಬರ್ ಪಟ್ಟಿಗಳನ್ನೆಳೆದು ಬಲ ಅಳೆಯುವ ಜಾಗ. ಪುಡಿ ತಪ್ಪಿಸುವವರನ್ನು ಕಂಡುಹಿಡಿಯಲು ನಿಯಮ ಬರೆದುಕೊಡಿ ಎಂದು ಊರಿನ ಸಭೆ ನನ್ನನ್ನು ಕೇಳಿತು. ಬರೆದುಕೊಟ್ಟೆ. ಗೊತ್ತುಪಡಿಸಿದಷ್ಟು ಬಲ ಏರದವರು ಕಳ್ಳಾಟದವರು. ಅವರ ಕೆಲಸ ಬೇರೆಯವರಿಗೆ. ಎಲ್ಲ ದೇಹಗಳಿಗೂ ಒಂದೇ ತೇರ್ಗಡೆ ಅಂಕ. ಅದಕ್ಕೆ ನನ್ನನ್ನೇ ಮಾದರಿಯಾಗಿಟ್ಟುಕೊಂಡಿದ್ದೆ. ಮೀನು, ಮಾಂಸ ಬಿಟ್ಟು ಎಷ್ಟೋ ವರ್ಷವಾದ ನಾನು ಪುಡಿ ಕುಡಿದು, ಹತ್ತಲಾಗದೆ ಬಿಟ್ಟಿದ್ದ ಏಣಿಯನ್ನು ಮತ್ತೆ ಹತ್ತಿದೆ. ನಿದ್ದೆಗೆಟ್ಟ ದಿನವೂ ಹತ್ತೊಂಬತ್ತರ ಮಗ್ಗಿ ತಪ್ಪಲಿಲ್ಲ.

ಅನುತ್ತೀರ್ಣನಾದವನು ನನ್ನ ತಮ್ಮ ಶೀನ. ಊರಿನ ಮೀನುಕೊಳಗಳನ್ನು ನೋಡಿಕೊಳ್ಳುವವನು, ಎರಡು ಹೊತ್ತೂ ಮೀನು ಉಣ್ಣುವವನು. “ದಿನಾ ಕುಡೀತೇನೆ ಅಕ್ಕಾ. ಬಲ ಬರ್ಲಿಲ್ಲ, ಹೊಟ್ಟೆ ಮಾತ್ರ ಓಡ್ತಾ ಉಂಟು” ಎಂದ. ಸಾಲಿನವರೆಲ್ಲ ಕೇಳುವಂತೆ ಅವನನ್ನು ಸುಳ್ಳುಗಾರನೆಂದೆ. ಮರುದಿನದಿಂದ ಎದುರು ನಿಂತು ಎರಡು ಚಮಚ ಕುಡಿಸಿದೆ. ಮೈಯಲ್ಲಿ ನೀರು ನಿಂತು ತೂಕ ಏರಿತು, ಬಲ ಏರಲಿಲ್ಲ. ಅವನೋ, “ಟೀಚರಿಗೆ ಎದುರು ಮಾತಾಡಿ ಬದುಕಿದವ ಉಂಟಾ?” ಎಂದು ಸಾಲನ್ನು ನಗಿಸಿ ಲೋಟ ಬರಿದು ಮಾಡುತ್ತಿದ್ದ.

ನಿನ್ನೆ ವೈದ್ಯೆ ವಿವರಿಸಿದರು. ಈ ಸತ್ವ ಮೀನಿನಲ್ಲೇ ಇದೆ; ಶೀನನ ಸ್ನಾಯುಗಳಲ್ಲಿ ಮೊದಲೇ ತುಂಬಿಕೊಂಡಿದ್ದರಿಂದ ಹೆಚ್ಚಿನದಕ್ಕೆ ಜಾಗವಿರಲಿಲ್ಲ. ನನ್ನಲ್ಲಿ ಕೊರತೆಯಿತ್ತು, ಆದ್ದರಿಂದ ಹಿಡಿಸಿತು. ಮೆದುಳಿನ ವಿಷಯ ಇನ್ನೂ ಖಚಿತವಿಲ್ಲವಂತೆ: ನಿದ್ದೆಗೆಟ್ಟಾಗ ಕೆಲವರಿಗೆ ನೆರವಾಗಬಹುದು, ಹಲವರಿಗೆ ವ್ಯತ್ಯಾಸವೇ ತಿಳಿಯದು. ನನ್ನ ಮಗ್ಗಿ ಪುಡಿಯ ಫಲವೋ ನಿತ್ಯದ ಅಭ್ಯಾಸದ ಫಲವೋ, ಅವರು ಹೇಳಲಾರರು. ನಾನಂತೂ ಪುಡಿಯದೇ ಫಲವೆಂದು ಊರಿಗೆಲ್ಲ ಹೇಳಿಬಿಟ್ಟಿದ್ದೆ.

ನನ್ನ ನಿಯಮದ ಪ್ರಕಾರ ನಾಳೆ ಸಭೆ ಶೀನನಿಂದ ಕೊಳಗಳನ್ನು ಕಿತ್ತುಕೊಳ್ಳಲಿದೆ. ನಿಯಮ ತಪ್ಪೆಂದು ನಾನು ಎದ್ದು ಹೇಳಬೇಕು. ಅದಕ್ಕಿಂತ ಕಷ್ಟವಾದದ್ದು, ಅವನು ಸುಳ್ಳಾಡಲಿಲ್ಲವೆಂದು ಅದೇ ಜನರೆದುರು ಹೇಳುವುದು. ಒಮ್ಮೆ ತಿದ್ದಿದ ಉತ್ತರಪತ್ರಿಕೆಯನ್ನು ಮತ್ತೆ ತೆರೆದವಳಲ್ಲ ನಾನು.

ನಿಮ್ಮ ಕಾಲದಲ್ಲಿ ಈ ಪುಡಿ ಅಂಗಡಿಯ ಡಬ್ಬಗಳಲ್ಲಿ ಸಿಗುತ್ತಿತ್ತೆಂದು ಓದಿದ್ದೇನೆ. ಒಬ್ಬನ ತೋಳು ತೋರಿಸಿ ಇನ್ನೊಬ್ಬನನ್ನು ಹೀಯಾಳಿಸಬೇಡಿರೆಂದು ನನ್ನ ಬೇಡಿಕೆ.

ಇಂದು ಬೆಳಿಗ್ಗೆ ಶೀನ ಹೇಳಿಸಿಕೊಳ್ಳದೆಯೇ ಎರಡು ಚಮಚ ಹಾಕಿಕೊಂಡು ಲೋಟವನ್ನು ನನಗೆ ತೋರಿಸಿದ. ಕಸಿದುಕೊಂಡೆ.

“ಯಾಕಕ್ಕಾ, ಪಾಸಾದ್ನಾ ನಾನು?” ಎಂದು ನಕ್ಕ.

ಸಾಲಿನವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಅವನು ಸುಳ್ಳಾಡಲಿಲ್ಲವೆನ್ನಲು ನಾಳೆಯವರೆಗೆ ಕಾಯಬೇಕಿರಲಿಲ್ಲ. ಆದರೂ “ಸಾಲು ಮುಂದೆ ಸಾಗಲಿ” ಎಂದಷ್ಟೇ ಹೇಳಿದೆ.

ಇತಿ,
ಜಲಜಾಕ್ಷಿ