ಕುರ್ಚಿಗೆ ಕಟ್ಟಿದ ಮರದ ತುಂಡು

ಮದ್ದೂರು
೧೪-೬-೨೦೨೫, ಶನಿವಾರ

ನನ್ನ ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಹೇಮಶ್ರೀ ಮಾಡುವ ನಮಸ್ಕಾರ. ಫೋನಿದ್ದೂ ಇವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಫೋನಿನಲ್ಲಿ ನೀನು "ಉಂಡ್ಯಾ? ಸರಿ, ಮಡುಗ್ತೀನಿ" ಅಂತ ಇಟ್ಟುಬಿಡುತ್ತೀಯ. ಇವತ್ತು ನನ್ನ ಮಾತು ಉದ್ದ ಇದೆ. ಪೂರಿಗಾಲಿಯಿಂದ ನೀನು ಬಸ್ಸಿಗೆ ಹಾಕಿದ್ದ ಉಪ್ಸಾರಿನ ಖಾರದ ಡಬ್ಬಿ ಖಾಲಿಯಾಗಿದೆ. ತೊಳೆದು ಒಣಗಿಸಿ, ಅದರೊಳಗೇ ಈ ಕಾಗದ ಮಡಚಿಟ್ಟು ಕಳಿಸುತ್ತಿದ್ದೇನೆ.

ನಾನು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆದಾಗ ನೀನು ಬೀದಿಗೆಲ್ಲ ಕಜ್ಜಾಯ ಹಂಚಿದೆಯಲ್ಲ, ಆಗಲೇ ಒಂದು ಮಾತು ನಿನಗೆ ಹೇಳದೆ ನುಂಗಿಕೊಂಡಿದ್ದೆ. ಅದುವರೆಗೆ ಜೊತೆಯಲ್ಲಿ ಹೊಲಿಯುತ್ತಿದ್ದ ಹೆಂಗಸರು ಆಮೇಲೆ ನನ್ನನ್ನು ಊಟಕ್ಕೆ ಕರೆಯಲೇ ಇಲ್ಲ. ಅವರೆಲ್ಲ ಸುತ್ತ ಕೂತು ಡಬ್ಬಿ ಬಿಚ್ಚಿ ನಗುತ್ತಿದ್ದರೆ, ನಾನು ನನ್ನ ಮೇಜಿನಲ್ಲಿ ಒಬ್ಬಳೇ.

ಅಷ್ಟರಲ್ಲಿ ಕಂಪನಿಯವರು ಮಂಡ್ಯಕ್ಕೆ ತರಬೇತಿಗೆ ಕಳಿಸಿದರು. ಕೆಲಸದವರಿಗೆ ವರ್ಷಕ್ಕೊಮ್ಮೆ ಅಂಕ ಹಾಕುವ ಅಪ್ರೈಸಲ್ ಇದೆಯಲ್ಲ, ಅದು ಎಲ್ಲಿಂದ ಬಂತು ಅಂತ ಪಾಠ. ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಒಂದು ನೂಲಿನ ಗಿರಣಿಯಲ್ಲಿ ಪ್ರತಿಯೊಬ್ಬ ಕೆಲಸಗಾರನ ಪಕ್ಕ ಒಂದು ಮರದ ತುಂಡು ನೇತುಹಾಕುತ್ತಿದ್ದರಂತೆ. ನಾಲ್ಕು ಮುಖ, ನಾಲ್ಕು ಬಣ್ಣ. ಹಿಂದಿನ ದಿನ ಕೆಟ್ಟದಾಗಿ ನಡೆದುಕೊಂಡಿದ್ದರೆ ಕಪ್ಪು ಮುಖ ಮುಂದೆ, ಸುಮಾರಾದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಬಹಳ ಚೆನ್ನಾಗಿದ್ದರೆ ಬಿಳಿ. ಬೈಗುಳವಿಲ್ಲ, ಏಟಿಲ್ಲ. ನನಗೆ ಬಲು ಹಿಡಿಸಿತು. ಬಡಗಿ ಚೌಡಯ್ಯನ ಕೈಲಿ ಮಾಡಿಸಿ, ಬಣ್ಣ ಬಳಿದು, ನಮ್ಮ ಲೈನಿನ, ಅಂದರೆ ನನ್ನ ಕೈಕೆಳಗಿನ ಸಾಲಿನ, ಹೊಲಿಗೆ ಮೆಷಿನ್ನಿಗೆಲ್ಲ ಕಟ್ಟಿಬಿಟ್ಟೆ.

ಮೊದಲ ಕಪ್ಪು ಬಿದ್ದದ್ದು ಕಾಲರ್ ಹೊಲಿಯುವ ಚಿಕ್ಕಬೋರಮ್ಮನಿಗೆ. ಅವಳೋ ಬಾಯಿ ಬಿಟ್ಟರೆ ಬೊಂಬಾಯಿ. "ಅಲ್ಲ ಕಣಮ್ಮೀ, ಸೂಜಿ ಮುರ್ದು ಕೆಲ್ಸ ನಿಂತಿದ್ದು ನನ್ ತಪ್ಪಾ? ನೀನು ಅನ್ಯಾಯ್ವಾಗಿ ಹಾಕುದ್ರೆ ನಾವು ಯಾರ್ತಾವ ಯೋಳ್ಕಬೇಕು?" ಎಂದಳು. ಆಗ ನೆನಪಾಯಿತು. ಆ ಗಿರಣಿಯಲ್ಲಿ ಇನ್ನೊಂದು ನಿಯಮವೂ ಇತ್ತು: ಬಣ್ಣ ಅನ್ಯಾಯ ಅನ್ನಿಸಿದವರು ನೇರವಾಗಿ ಯಜಮಾನನ ಹತ್ತಿರ ಹೋಗಿ ದೂರು ಹೇಳಬಹುದಿತ್ತು. ಬಣ್ಣಗಳ ಸಂಭ್ರಮದಲ್ಲಿ ನಾನು ಅದನ್ನು ಇವರಿಗೆ ಹೇಳಿರಲೇ ಇಲ್ಲ. ಹೇಳಿದೆ, ಅವಳದನ್ನು ಹಳದಿಗೆ ತಿರುಗಿಸಿದೆ.

ಮಾರನೆಯ ದಿನ ಬಂದು ನೋಡಿದರೆ ನನ್ನ ಕುರ್ಚಿಗೂ ಒಂದು ಮರದ ತುಂಡು! ಕಪ್ಪು. ಅದರ ಮಾರನೆಯ ದಿನವೂ ಕಪ್ಪೇ. ಇವರ ಜೊತೆ ಇನ್ನು ಕೂಡಿಬರುವುದಿಲ್ಲ, ಬೇರೆ ಲೈನಿಗೆ ಹಾಕಿಸಿಕೊಳ್ಳೋಣ ಅಂತಲೇ ಅಂದುಕೊಂಡಿದ್ದೆ. ಕೊನೆಗೆ ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದುಕೊಂಡೇ ಅವರ ಹತ್ತಿರ ಹೋಗಿ, ನನ್ನದೂ ಒಂದು ದೂರಿದೆ, ನಾನು ಯಾರಿಗೂ ಮೋಸದ ಅಂಕ ಹಾಕಿಲ್ಲ, ನನಗೆ ಕಪ್ಪು ಯಾಕೆ ಅಂತ ಕೇಳಿದೆ.

ಚಿಕ್ಕಬೋರಮ್ಮ ಮುದ್ದೆ ಮುರಿಯುತ್ತಲೇ, "ಕೆಲ್ಸುಕ್ಕಲ್ಲ ಕಣಮ್ಮೀ. ದೊಡ್ಡೋಳಾದ್ಮೇಲೆ ಒಬ್ಳೇ ಕುಂತ್ಕಂಡು ಉಣ್ತೀಯಲ್ಲ, ಅದ್ಕೆ ಕಪ್ಪು" ಅಂದಳು.

ನೀವು ಕರೆಯಲಿಲ್ಲವಲ್ಲ ಅಂದೆ.

"ಮೊದ್ಲು ಕರೀತಿದ್ವಾ? ನೀನೇ ಬಂದು ಕುಂತ್ಕತಿದ್ದೆ."

ಅಯ್ಯೋ ಅವ್ವ, ಅಳು ನಗು ಎರಡೂ ಒಟ್ಟಿಗೇ ಬಂತು. ಅಲ್ಲೇ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಈಗ ನಾನು ಸುಖವಾಗಿದ್ದೇನೆ. ಕುರ್ಚಿಯದು ನೀಲಿಗೆ ಬಂದಿದೆ, ಬಿಳಿ ಆಗಬೇಕಾದರೆ ಎಲ್ಲರಿಗೂ ಟೀ ಕೊಡಿಸಬೇಕಂತೆ. ಅಪ್ಪನನ್ನು ಕೇಳಿದೆ ಅಂತ ಹೇಳು.

ನಿನ್ನ ಮಗಳು,
ಹೇಮಶ್ರೀ

ಮರೆತಿದ್ದೆ: ನಿನ್ನ ಖಾರವನ್ನು ಲೈನಿನವರೆಲ್ಲ ಚಪ್ಪರಿಸುತ್ತಾರೆ ಅಂತ ವಾರವಾರವೂ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ನೀನು ನೊಂದುಕೊಳ್ಳಬಾರದು ಅಂತ ಹೇಳಿದ್ದು. ಅವರೆಲ್ಲ ತಿಂದದ್ದು ಈ ವಾರವೇ, ಒಂದೇ ಊಟಕ್ಕೆ ಡಬ್ಬಿ ಬರಿದು. ಕಾಗದದ ಕೆಳಗೆ ಒಂದು ಮರದ ತುಂಡಿದೆ ನೋಡು, ನಿನಗೆ ಅಂತ ಅವರೇ ಕಳಿಸಿದ್ದು. ಹಳದಿ ಮುಖ ಮುಂದೆ ಬರುವ ಹಾಗೆ ಒಲೆಯ ಹತ್ತಿರ ಕಟ್ಟಬೇಕಂತೆ, ಬಿಳಿ ಯಾಕಲ್ಲ ಅಂದರೆ ಉಪ್ಪು ಒಂದು ಚಿಟಿಕೆ ಜಾಸ್ತಿಯಾಯಿತಂತೆ. ಅನ್ಯಾಯ ಅನ್ನಿಸಿದರೆ ನೀನೇ ಬಂದು ದೂರು ಹೇಳಬೇಕಂತೆ, ದೊಡ್ಡ ಡಬ್ಬಿ ತಗೊಂಡು.