ಹತ್ತೊಂಬತ್ತು ದಿನ ಬಯಲಲ್ಲಿದ್ದ ವಿಳಾಸ

ಜಕ್ಕೂರು
16 ಜನವರಿ 2016

ಪ್ರೀತಿಯ ಕಲಾವತಿ ಅಕ್ಕ,

ನಿನ್ನೆ ಎಳ್ಳು ಬೀರಲು ಬಂದ ನನ್ನನ್ನು ಕೂರಿಸಿಕೊಂಡು ನೀನು, "ಚಿಕ್ಕಜಾಲದ ಹೆಂಗಸ್ರು ನಿನ್ನ ನೀರಿನ ಆಪ್ ನಂಬ್ಲಿಲ್ಲ ಅಂದ್ರೆ ನನ್ನ ಹೆಸ್ರು ಹೇಳೇ ಹರ್ಷಿ. ಬೇಡ ಬಿಡು, ಭಾನುವಾರ ನಾನೇ ಬಂದು ಮನೆಮನೆಗೂ ಹೇಳ್ತೀನಿ" ಎಂದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಂತೆ. ನಾನು ತಿಂದು, ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ನಿನ್ನ ಮುಂದೆ ನನ್ನ ಧೈರ್ಯ ಎಷ್ಟೆಂದು ನಿನಗೇ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಆ ನೀರಿನ ಆಪ್ ಮಾಡಿದ್ದೇ ನಿನ್ನ ಓಟ ನೋಡಲಾರದೆ. ಕೆಲಸ ಮುಗಿಸಿ ಹೆಬ್ಬಾಳದಿಂದ ಬಂದು ಬಸ್ಸಿಳಿದವಳೇ ನೀನು, ನೀರು ನಿಂತೇಹೋಯಿತೇನೋ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದೆ. ಈಗ ನೀರುಗಂಟಿ ಮುನಿಯಲ್ಲಪ್ಪನವರು ವಾಲ್ವ್ ತಿರುಗಿಸಿ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಬೀದಿಯ ಎಲ್ಲ ಫೋನುಗಳಲ್ಲೂ ಆ ಕ್ಷಣವೇ ಸುದ್ದಿ. "ಇನ್ನೂ ಬೆರಳೇ ತೆಗ್ದಿಲ್ಲ, ಆಗ್ಲೇ ಓಯ್ತಾ? ಇಂಗೂ ಆಯ್ತದಾ?" ಎಂದು ಅವರು ಬೆರಳನ್ನೇ ನೋಡಿಕೊಂಡಿದ್ದರಲ್ಲ! ಅದು ನನ್ನ ಜಾಣತನವಲ್ಲ ಅಕ್ಕ. ಅದನ್ನೆಲ್ಲ ತಾನೇ ಮಾಡಿಕೊಡುವ, ಫ್ರೇಮ್‌ವರ್ಕ್ ಎಂಬ ಒಂದು ಸಿದ್ಧ ಸಾಫ್ಟ್‌ವೇರ್ ಸಿಕ್ಕಿತ್ತು. ಮೂರು ತಿಂಗಳ ಕೆಲಸ ಮೂರು ಭಾನುವಾರಗಳಲ್ಲಿ ಮುಗಿಯಿತು.

ಆದರೆ ಆ ಫ್ರೇಮ್‌ವರ್ಕ್, ಕಲಿಯುವವರಿಗೆ ಅನುಕೂಲವಾಗಲೆಂದು, ಒಳಗಿರುವ ಮಾಹಿತಿಯನ್ನೆಲ್ಲ ಆಪ್ ತೆರೆದ ಎಲ್ಲರ ಫೋನಿಗೂ ಕಂಪ್ಯೂಟರಿಗೂ ಕಳಿಸುತ್ತದೆ. ಜನರ ಕೈಗೆ ಕೊಡುವ ಮುಂಚೆ ಅದನ್ನು ನಿಲ್ಲಿಸಿ, ಯಾರಿಗೆ ಏನು ಕಾಣಬೇಕೆಂದು ನಾವೇ ಬರೆಯಬೇಕು. ನಾನು ನಿಲ್ಲಿಸಿದ್ದೆ. ಆದರೆ ಯಾರಿಗೆ ಏನೆಂದು ಇನ್ನೂ ಬರೆದಿರಲಿಲ್ಲ, ನಿಲ್ಲಿಸಿದ ಕೂಡಲೇ ಪರದೆ ಖಾಲಿಯಾಯಿತು. ಮರುದಿನವೇ ಬೀದಿಯವರಿಗೆ ತೋರಿಸಬೇಕಿತ್ತು. ಒಂದು ದಿನದ ಮಟ್ಟಿಗೆ ಎಂದುಕೊಂಡು ಮತ್ತೆ ಮೊದಲಿನಂತೆಯೇ ಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಉಬ್ಬಿಹೋದೆ, ಆಮೇಲೆ ಮರೆತೇಬಿಟ್ಟೆ.

ಹತ್ತೊಂಬತ್ತನೆಯ ದಿನ ನಮ್ಮ ಆಫೀಸಿನ ಅತಾವುಲ್ಲಾ, "ಎಲ್ಲಿ ತೋರ್ಸು, ನಿಮ್ಮೂರ ಗಂಗಮ್ಮನ್ನ" ಎಂದು ರೇಗಿಸುತ್ತಾ ತನ್ನ ಕಂಪ್ಯೂಟರಿನಲ್ಲಿ ಆಪ್ ತೆರೆದು ಒಂದೇ ಒಂದು ಸಾಲು ಕೋಡ್ ಬರೆದ. ಬೀದಿಯೇ ಪರದೆ ಮೇಲೆ ಬಂದು ನಿಂತಿತು. ಅದರಲ್ಲಿ ನೀನೂ ಇದ್ದೆ, ಆಪಿಗೆ ಸೇರುವಾಗ ತುಂಬಿಕೊಟ್ಟಂತೆಯೇ: ಹೆಸರು, ಫೋನ್ ನಂಬರು, ಎರಡನೇ ಅಡ್ಡರಸ್ತೆಯ ಮೇಲ್ಮನೆ, "ಒಬ್ಬಳೇ ಇರುವುದು, ಆರರ ಮೇಲೆ ಸಿಗುತ್ತೇನೆ". ಗಂಡನ ಹೊಡೆತ ತಾಳದೆ ಬಂದು, ಎಲ್ಲಿದ್ದೀಯೆಂದು ಅವನಿಗೆ ತಿಳಿಯದ ಹಾಗೆ ನೀನು ಎರಡು ವರ್ಷ ಮುಚ್ಚಿಟ್ಟುಕೊಂಡಿದ್ದ ವಿಳಾಸ. ನನ್ನ ಮುಖ ನೋಡಿ ಅತಾವುಲ್ಲಾ, "ಮೊದ್ಲು ಆಫ್ ಮಾಡು, ಆಮೇಲೆ ಅಳು" ಎಂದ. ಅಲ್ಲೇ ಆಫ್ ಮಾಡಿದೆ.

ಅಂದು ಸಂಜೆ ನಿನಗೆ ಹೇಳಲೆಂದೇ ಬಂದಿದ್ದೆ. ನೀನು ಕಾಫಿ ಕೊಟ್ಟು, "ಈ ಬೀದೀಲಿ ನೆಮ್ಮದಿಯಾಗಿ ನಿದ್ದೆ ಬರತ್ತೆ ಕಣೇ" ಎಂದೆ. ಆಪಿಗೆ ರಿಪೇರಿ ಇದೆ, ಅದಕ್ಕೇ ನಿಲ್ಲಿಸಿದ್ದೇನೆ ಎಂದು ನಾನು ಸುಳ್ಳು ಹೇಳಿದೆ.

ಎಂಟು ದಿನ ಕೂತು ಎಲ್ಲವನ್ನೂ ತಿದ್ದಿದೆ. ನೀರಿನ ಸುದ್ದಿ ಬದಲಿಸಲು ಮುನಿಯಲ್ಲಪ್ಪನವರೊಬ್ಬರಿಗೇ ಸಾಧ್ಯ. ಹೆಸರು, ನಂಬರು, ಮನೆ ಎಲ್ಲವನ್ನೂ ಅಳಿಸಿದೆ. ನೀರು ಯಾವ ಬೀದಿಗೆ ಬಂತೆಂದು ಹೇಳಲು ನಿನ್ನ ಹೆಸರಾದರೂ ಯಾಕೆ ಬೇಕಿತ್ತು, ಹೇಳು? ಕೇಳಬಹುದು ಎಂದು ಕೇಳಿದ್ದೆ, ಅಷ್ಟೇ.

ಒಂದು ವರ್ಷವಾಯಿತು, ನಿನ್ನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಅದು ದೇವರ ದಯೆ, ನನ್ನ ಸಾಧನೆಯಲ್ಲ. ಆದರೆ ಆ ಮನೆಯಲ್ಲಿ ಇರಬೇಕೋ, ಬಿಟ್ಟು ಹೋಗಬೇಕೋ ಎಂದು ನೀನು ಯೋಚಿಸಬೇಕಿತ್ತು. ನಿನಗೆ ಆ ಅವಕಾಶವನ್ನೇ ನಾನು ಕೊಡಲಿಲ್ಲ. ಬೈದರೂ ಸರಿ, ಎರಡು ಬಾರಿಸಿದರೂ ಸರಿ ಅಕ್ಕ, ನನ್ನ ಜೊತೆ ಮಾತು ಮಾತ್ರ ಬಿಡಬೇಡ.

ನಾಳೆ ಒಂಬತ್ತಕ್ಕೆ ಬಸ್ ಸ್ಟಾಪಿನಲ್ಲಿರುತ್ತೇನೆ. ನೀನು ಬಂದರೆ ಇಬ್ಬರೂ ಚಿಕ್ಕಜಾಲಕ್ಕೆ ಹೋಗೋಣ. ಬರದಿದ್ದರೆ ನಿನ್ನ ಹೆಸರು ಎತ್ತುವುದಿಲ್ಲ. ನಾನು ಮಾಡಿದ ತಪ್ಪನ್ನು ಮೊದಲು ಹೇಳಿ, ಆಮೇಲೆ ಆಪ್ ತೋರಿಸುತ್ತೇನೆ.

ನಿನ್ನ ಬಾಗಿಲಿಗೆ ಯಾವತ್ತೂ ನೀನು ಕರೆದವರೇ ಬರಲಿ.

ನಿನ್ನ ತಂಗಿಯಾಗಿಯೇ ಉಳಿಯಬೇಕೆಂದಿರುವ,
ಹರ್ಷಿತಾ