ಗುರುವಾರ ಹುಟ್ಟದ ಮಗಳು

ಮಾನ್ಯ ಲಸಿಕಾ ಅಧಿಕಾರಿಗಳೇ,

ನನ್ನ ಮಗಳು ನವ್ಯಶ್ರೀ ಶುಕ್ರವಾರ ಹುಟ್ಟಿದಳು. ಅವಳು ಮಾಡಿದ ತಪ್ಪು ಅಷ್ಟೇ. ತಮ್ಮ ಅಧೀನದ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನ ಗುರುವಾರ. ಒಂದು ದಿನ ಮೊದಲೇ ಹುಟ್ಟುವ ಶಿಸ್ತು ಅವಳಿಗಿರಲಿಲ್ಲ. ಆ ಅಶಿಸ್ತಿಗೆ ಶಿಕ್ಷೆಯಾಗಿ ಈಗ, ಐದನೇ ವಯಸ್ಸಿನಲ್ಲಿ, ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ. ಈ ಪತ್ರವನ್ನು ಕಚೇರಿಗೆ ಕಳಿಸಿದ್ದರೆ ಮೊಹರು ಹಾಕಿಸಿಕೊಂಡು ಯಾವುದಾದರೂ ಕಡತದಲ್ಲಿ ಮಲಗುತ್ತಿತ್ತು. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಸಮೇತನಹಳ್ಳಿಯಿಂದಾಚೆಗಿನ ಒಂದು ಸಣ್ಣ ಊರಿನವಳು. ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಗಂಡ ವೇಣುಗೋಪಾಲ್ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾರೆ. ಬಸುರಿಯಾಗಿದ್ದಾಗ ಒಂದು ತಿಂಗಳೂ ತಪ್ಪಿಸದೆ ತಪಾಸಣೆಗೆ ಹೋದವಳು ನಾನು. ಆಸ್ಪತ್ರೆಯವರು ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ನನ್ನ ತೂಕ, ಬಿ.ಪಿ., ರಕ್ತದ ಗುಂಪು ಎಲ್ಲವೂ ಇದೆ. ಹೆಪಟೈಟಿಸ್ ಬಿ ಎಂಬಲ್ಲಿ ಮಾತ್ರ ಖಾಲಿ. ಕೇಳಿದಾಗಲೆಲ್ಲ "ಟೆಸ್ಟ್ ಕಿಟ್ ಬಂದಿಲ್ಲ, ಬಂದ್ಮೇಲೆ ಮಾಡ್ತೀವಿ" ಎನ್ನುತ್ತಿದ್ದರು. ಕಿಟ್ ಬರುವ ಮೊದಲು ಮಗಳು ಬಂದಳು. ನನಗೆ ಜ್ವರವಿಲ್ಲ, ಕಾಮಾಲೆಯಿಲ್ಲ, ಕಲ್ಲುಗುಂಡಿನ ಹಾಗಿದ್ದೆ. ನನ್ನೊಳಗೆ ಸೋಂಕಿದೆ ಎಂದು ನನಗಾದರೂ ಹೇಗೆ ಗೊತ್ತಾಗಬೇಕು?

ಹುಟ್ಟಿದ ದಿನವೇ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಬೇಕೆಂದು ತಮ್ಮ ಇಲಾಖೆಯವರೇ ಆಸ್ಪತ್ರೆಯ ಗೋಡೆಗೆ ಭಿತ್ತಿಪತ್ರ ಅಂಟಿಸಿದ್ದರು. ಹೆರಿಗೆ ಆದ ಮಧ್ಯಾಹ್ನ ಅದನ್ನು ಓದಿ ಕೇಳಿದೆ.

"ಅಯ್ಯೋ, ಅದು ಹತ್ತು ಮಕ್ಳಿಗೆ ಆಗೋ ಬಾಟ್ಲಮ್ಮ," ಅಂದರು ಸಿಸ್ಟರ್. "ನಿನ್ನ ಒಂದು ಮಗೂಗೆ ಅಂತ ಓಪನ್ ಮಾಡಿದ್ರೆ ಮಿಕ್ಕಿದ್ದೆಲ್ಲಾ ವೇಸ್ಟು. ಮೇಲಿನೋರು ನಮ್ಮನ್ನ ಸುಮ್ನೆ ಬಿಡ್ತಾರಾ? ಗುರುವಾರ ಬಾ, ಎಲ್ಲಾ ಒಟ್ಟಿಗೆ ಹಾಕ್ಬಿಡ್ತೀವಿ."

ಗುರುವಾರ ಹೋದೆ. ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮೂರು ಗಂಟೆ ಸಾಲಿನಲ್ಲಿ ಕೂತಿದ್ದೆ. ಬಿಸಿಜಿ ಹಾಕಿದರು, ಪೋಲಿಯೊ ಹನಿ ಬಿಟ್ಟರು. ಇನ್ನೊಂದು ಎಲ್ಲಿ ಎಂದೆ. ಅದೇ ಸಿಸ್ಟರ್ ಕಾರ್ಡು ತಿರುಗಿಸಿ ನೋಡಿ, "ಅದನ್ನ ಹುಟ್ಟಿದ ಇಪ್ಪತ್ನಾಲ್ಕು ಗಂಟೆ ಒಳಗೇ ಹಾಕ್ಬೇಕಮ್ಮ. ಈಗ ಹಾಕಂಗಿಲ್ಲ, ಟೈಮ್ ಆಗೋಯ್ತು" ಅಂದರು.

ಮಾನ್ಯರೇ, ಇದನ್ನು ಎರಡು ಸಲ ಓದಿ. ಹುಟ್ಟಿದ ದಿನ ಕೇಳಿದರೆ ಗುರುವಾರ ಬಾ. ಗುರುವಾರ ಹೋದರೆ ಹುಟ್ಟಿದ ದಿನವೇ ಬರಬೇಕಿತ್ತು. ವಾರದ ಮಿಕ್ಕ ಆರು ದಿನ ಹುಟ್ಟುವ ಮಕ್ಕಳಿಗೆ ತಮ್ಮ ಆಸ್ಪತ್ರೆಯ ಉತ್ತರ ಇದೇ ಆದರೆ ಆ ಲಸಿಕೆಯನ್ನು ತರಿಸುವುದಾದರೂ ಯಾರಿಗೆ? ಫ್ರಿಜ್ಜಿಗೆ ಬೇಜಾರಾಗದಿರಲಿ ಎಂದೇ?

ಸಿಸ್ಟರ್ ಮೇಲೆ ನನಗೆ ಕೋಪವಿಲ್ಲ. ಆಕೆ ಹೆದರಿದ್ದು ತಮಗೆ. ಬಿಸಿಜಿ ಬಾಟಲಿಯನ್ನು ಒಮ್ಮೆ ತೆರೆದರೆ ಕೆಲವೇ ಗಂಟೆಗಳಲ್ಲಿ ಎಸೆಯಬೇಕಂತೆ, ಅದಕ್ಕೆ ಮಕ್ಕಳನ್ನು ಒಟ್ಟುಗೂಡಿಸುವುದು ಸರಿ. ಹೆಪಟೈಟಿಸ್ ಬಿ ಬಾಟಲಿ ಹಾಗಲ್ಲ. ತಣ್ಣಗೆ ಸರಿಯಾಗಿ ಇಟ್ಟರೆ ತೆರೆದ ಮೇಲೂ ನಾಲ್ಕು ವಾರ ಬಳಸಬಹುದೆಂದು ಸರ್ಕಾರದ ನಿಯಮವೇ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎನ್ನುತ್ತಾರಲ್ಲ, ಹಾಗಾಯಿತು. "ಯಾಕೆ ವೇಸ್ಟ್ ಮಾಡಿದಿರಿ" ಎಂದು ಸಭೆಯಲ್ಲಿ ಸಿಬ್ಬಂದಿಯನ್ನು ನಿಲ್ಲಿಸಿ ಕೇಳುವ ತಾವು, "ಯಾಕೆ ಹಾಕಲಿಲ್ಲ" ಎಂದು ಒಮ್ಮೆಯಾದರೂ ಕೇಳಿದ್ದೀರಾ?

ಈ ವರ್ಷ ನಾನು ಮತ್ತೆ ಬಸುರಿಯಾದೆ. ಈ ಸಲ ಕಿಟ್ ಬಂದಿತ್ತು. ನನಗೆ ಸೋಂಕಿದೆ ಎಂದು ತಿಳಿಯಿತು. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ಗಂಡನಿಗಿಲ್ಲ, ಅತ್ತೆಗಿಲ್ಲ, ಮಗಳಿಗಿದೆ. ಬೆಂಗಳೂರಿನ ಡಾಕ್ಟರ್ ಮೆಲ್ಲಗೆ ಹೇಳಿದರು: "ದೊಡ್ಡೋರಿಗೆ ಬಂದ್ರೆ ಸಾಮಾನ್ಯವಾಗಿ ತಾನಾಗೇ ಹೋಗುತ್ತಮ್ಮ. ಹುಟ್ಟುವಾಗ ತಾಯಿಯಿಂದ ಬಂದ್ರೆ ಹತ್ತರಲ್ಲಿ ಒಂಬತ್ತು ಮಕ್ಳಲ್ಲಿ ಉಳ್ಕೊಂಡ್ಬಿಡುತ್ತೆ." ಮುಂದೆ ಪಿತ್ತಜನಕಾಂಗ ಕೆಡಬಹುದು, ಕ್ಯಾನ್ಸರ್ ಆಗಬಹುದು, ಬದುಕಿಡೀ ತಪಾಸಣೆ ಮಾಡಿಸುತ್ತಿರಬೇಕು. ನನ್ನಿಂದಲೇ ಬಂತು ಎಂಬ ಮಾತು ನನ್ನನ್ನು ತಿನ್ನುತ್ತಿದೆ. ಹಾಲು ಕುಡಿಸುವ ಮೊದಲೇ ವಿಷ ಕೊಟ್ಟ ತಾಯಿ ನಾನು ಎನಿಸುತ್ತದೆ. ತಮಗೆ ಏನನ್ನಿಸುತ್ತದೆ?

ನಮ್ಮತ್ತೆ ಅಕ್ಕಯಮ್ಮ ಕೆಟ್ಟವರಲ್ಲ. ಕಾಮಾಲೆ ಎಂದುಕೊಂಡು ಮೊಮ್ಮಗಳಿಗೆ ನೆಲನೆಲ್ಲಿ ಅರೆದು ಕುಡಿಸಿದರು, ಉಪ್ಪು ಬಿಡಿಸಿದರು, ಕೊನೆಗೆ ತಟ್ಟೆ ಲೋಟ ಬೇರೆ ಮಾಡಿದರು. ಒಟ್ಟಿಗೆ ಉಂಡರೆ ಇದು ಹರಡುವುದಿಲ್ಲ ಎಂದು ನಾನು ಹೇಳಿದರೆ ನಂಬುತ್ತಾರೆಯೇ? ಹೇಳಬೇಕಾದ ತಮ್ಮ ಕಡೆಯವರು ಇವತ್ತಿಗೂ ನಮ್ಮ ಬೀದಿಗೆ ಕಾಲಿಟ್ಟಿಲ್ಲ. ಮೊನ್ನೆ ಮಗಳು ಕೇಳಿದಳು, "ಅಮ್ಮಾ, ನನ್ ತಟ್ಟೆ ಮಾತ್ರ ಯಾಕ್ ಆಚೆ ತೊಳೀತಾರೆ?" ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತುಬಿಟ್ಟೆ.

ನಮ್ಮ ಡೇರಿಗೆ ಹಾಲು ಹಾಕುವವರ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಕೊಟ್ಟಿಗೆಗೇ ಬರುತ್ತದೆ. ಹೋದ ಸಲ ಆದಿನಾರಾಯಣಪ್ಪನವರ ಒಂದು ಹಸು ಮೇಯಲು ಹೋಗಿತ್ತು. ಅದೊಂದಕ್ಕಾಗಿ ಪಶುವೈದ್ಯರು ಮಾರನೆಯ ದಿನ ಬೈಕಿನಲ್ಲಿ ಮತ್ತೆ ಬಂದರು. ನಾನೇ ನಿಂತು ನೋಡಿದೆ. ಹಸುವಾಗಿ ಹುಟ್ಟಿದ್ದರೆ ನನ್ನ ಮಗಳಿಗೂ ಒಂದು ಬೈಕು ಬರುತ್ತಿತ್ತು.

ಭೂಮಿಯ ಉತ್ತರದ ತುದಿಯಲ್ಲಿ, ಹಿಮದ ನಾಡಿನಲ್ಲಿ ಇನ್ಯುಯಿಟ್ ಎಂಬ ಜನರಿದ್ದಾರೆ. ಅವರಲ್ಲೂ ಈ ಸೋಂಕು ಬಹಳ ಹರಡಿತ್ತೆಂದು ಓದಿದೆ. ಅವರಿರುವ ನಾಡುಗಳಲ್ಲೊಂದಾದ ಅಮೆರಿಕದ ಅಲಾಸ್ಕಾದಲ್ಲಿ ನಲವತ್ತು ವರ್ಷಗಳ ಹಿಂದೆಯೇ, ರಸ್ತೆಯೇ ಇಲ್ಲದ ಹಳ್ಳಿಗಳನ್ನು ತಲುಪಿ ಅಲ್ಲಿನ ಮೂಲನಿವಾಸಿಗಳ ರಕ್ತ ಪರೀಕ್ಷೆ ಮಾಡಿದರಂತೆ, ಹುಟ್ಟಿದ ಕೂಸುಗಳಿಗೆ ಲಸಿಕೆ ಹಾಕಿದರಂತೆ. ಈಗ ಅಲ್ಲಿನ ಮಕ್ಕಳಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸುವುದೇ ಅಪರೂಪವಂತೆ. ನಮ್ಮ ತಲೆಯ ಮೇಲೆ ನಿಮಿಷಕ್ಕೊಂದು ವಿಮಾನ ಹಾರುತ್ತದೆ. ಆಸ್ಪತ್ರೆಯವರೆಗೂ ಡಾಂಬರು ರಸ್ತೆಯಿದೆ. ಲಸಿಕೆ ಇತ್ತು, ಸೂಜಿ ಇತ್ತು, ಹೆರಿಗೆ ಕೋಣೆಗೂ ಫ್ರಿಜ್ಜಿಗೂ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ಯಾರೂ ನಡೆಯಲಿಲ್ಲ.

ನನಗೀಗ ಎಂಟು ತಿಂಗಳು. ಸೋಂಕು ತಗ್ಗಿಸಲು ಡಾಕ್ಟರ್ ಕೊಟ್ಟ ಮಾತ್ರೆ ನುಂಗುತ್ತಿದ್ದೇನೆ. ಮುಂದಿನ ತಿಂಗಳು ಅದೇ ಆಸ್ಪತ್ರೆಗೆ ಬರುತ್ತೇನೆ. ನೋವು ವಾರದ ಯಾವ ದಿನ ಬರುತ್ತದೋ ನನಗೆ ಗೊತ್ತಿಲ್ಲ. "ಒಂದೇ ಮಗು ಹುಟ್ಟಿದರೂ, ಭಾನುವಾರವಾದರೂ, ಹಬ್ಬವಾದರೂ ಬಾಟಲಿ ತೆರೆಯಿರಿ, ಉಳಿದದ್ದಕ್ಕೆ ನಾನು ಜವಾಬ್ದಾರಿ" ಎಂದು ತಾವು ಸಹಿ ಮಾಡಿ ಪ್ರತಿ ಹೆರಿಗೆ ಕೋಣೆಗೂ ಆದೇಶ ಕಳಿಸಬೇಕು. ಸೋಂಕಿರುವ ತಾಯಿಯ ಕೂಸಿಗೆ ಕೊಡಬೇಕಾದ ಇನ್ನೊಂದು ಚುಚ್ಚುಮದ್ದನ್ನೂ ಅಲ್ಲಿಯೇ ತರಿಸಿಡಬೇಕು. ಒಬ್ಬ ಬಸುರಿಯ ಕಾರ್ಡಿನಲ್ಲೂ ಆ ಪರೀಕ್ಷೆಯ ಜಾಗ ಖಾಲಿ ಉಳಿಯಬಾರದು.

ತಾವು ಇಷ್ಟನ್ನೂ ಮಾಡಿದಿರಿ ಎಂದೇ ಇಟ್ಟುಕೊಳ್ಳೋಣ. ಹೊಸ ಕೂಸು ಉಳಿಯುತ್ತದೆ, ನಾನು ತಮಗೆ ಕೈ ಮುಗಿಯುತ್ತೇನೆ. ಆಗ ನವ್ಯಶ್ರೀ ನನ್ನ ಸೆರಗು ಎಳೆದು ಕೇಳುತ್ತಾಳೆ, "ಪಾಪುಗೆ ಹಾಕಿದ್ರಲ್ಲಮ್ಮ, ನಂಗ್ಯಾಕ್ ಹಾಕ್ಲಿಲ್ಲ?" ಅದಕ್ಕೆ ಏನು ಹೇಳಬೇಕೋ ತಾವೇ ಬರೆದು ಕಳಿಸಿ. ಐದು ವರ್ಷದ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಬರೆಯಿರಿ.

ಇಂತಿ,
ಬೇರೆ ಗತಿಯಿಲ್ಲದೆ ಮತ್ತೆ ತಮ್ಮನ್ನೇ ನಂಬಿ ಬರುತ್ತಿರುವ,
ಶಶಿರೇಖಾ
ಹೊಸಕೋಟೆ ತಾಲ್ಲೂಕು